ತೆನಿನ್ ಅತ್ತೆಯ ಗೇಲಿ ನಂಟ

ರಜಬ್ ೧೨. ಬೆಳಿಗ್ಗೆ

ಅಲಸಂದೆಯ ಕಥೆಯನ್ನು ಮೊದಲು ಹೇಳಿದವನು ಹಾಡುಗಾರ ಮದಿ. ನಮ್ಮೂರು ಸೆಬೆದುಗುವಿನ ಗೋಡೆ ಮೊದಲ ಸಲ ಎದ್ದ ವರ್ಷ, ಅದರ ಹಸಿ ಮಣ್ಣಿನ ಮೇಲೆ ಕೂತು ಹೇಳಿದನಂತೆ. ಹಾಗಂತ ನನ್ನ ಅಪ್ಪನ ಅಕ್ಕ, ತೆನಿನ್ ಅತ್ತೆ. ಇವತ್ತು ಗೋಡೆಗೆ ಮಣ್ಣು ತುಳಿಯುವಾಗ ಮತ್ತೊಮ್ಮೆ ಹೇಳಿದಳು. ಎಷ್ಟನೆಯ ಸಲವೋ.

ನಮ್ಮ ದ್ಯಾರಾ ಕುಲದ ಹಿರಿಯ, ಡೆಂಬೆಲೆ ಕುಲದ ಹಿರಿಯ — ಇಬ್ಬರೂ ಬೇಟೆಗೆ ಹೋಗಿದ್ದು. ಕಾಡಿನಲ್ಲಿ ಹಸಿವು. ಇದ್ದದ್ದು ಒಂದೇ ಮಡಕೆ ಅಲಸಂದೆ. ಒಬ್ಬ ಸೌದೆಗೆ ಹೋಗಿ ಬರುವಷ್ಟರಲ್ಲಿ ಇನ್ನೊಬ್ಬ ಮಡಕೆ ನೆಕ್ಕಿಟ್ಟಿದ್ದ. ತಿಂದವನು ಯಾರು ಅನ್ನುವುದೇ ಜಗಳ. ಅತ್ತೆ ಹೇಳಿದರೆ ಡೆಂಬೆಲೆ, ಡೆಂಬೆಲೆಗಳು ಹೇಳಿದರೆ ನಾವು. ರಕ್ತ ಬೀಳದಿರಲಿ ಎಂದು ಇಬ್ಬರೂ ಆಣೆ ಇಟ್ಟರು — ಇನ್ನು ಮೇಲೆ ಬೈಗುಳ ಮಾತ್ರ, ಕೈ ಎತ್ತುವಂತಿಲ್ಲ. ಅಂದಿನಿಂದ ಎರಡು ಕುಲಕ್ಕೂ ಗೇಲಿ ನಂಟು. ದಾರಿಯಲ್ಲಿ ಕಂಡರೆ ಹಂಗಿಸಬೇಕು. ಒಂದು ಕುಲದವರು ಸತ್ತರೆ ಇನ್ನೊಂದು ಕುಲದವರು ಬಂದು ಗುಂಡಿಯಲ್ಲಿ ಮಲಗಿ, ಏನಾದರೂ ಕೊಡುವ ತನಕ ಮೇಲೆ ಬರದೆ, ಅಳುವವರನ್ನು ನಗಿಸಬೇಕು. ಆಮೇಲೆಯೇ ಗುಂಡಿಗೆ ಮಣ್ಣು. ಏಳನೇ ದಿನದ ತನಕ ಗುಂಡಿಗಿಳಿದವನ ಬಾಯಲ್ಲಿ ಗೇಲಿ ಬಿಟ್ಟು ಬೇರೆ ಮಾತು ಬರಬಾರದು.

ಕಥೆ ಮುಗಿಸಿ ಅತ್ತೆ ಗೋಡೆ ಹತ್ತಿದಳು. ದಿನಾ ಹತ್ತುತ್ತಾಳೆ. ಹೊರಗೆ ಪಡುವಣ ಸಾಮ್ರಾಟನ ದಂಡು — ಮರದ ಕಂಬಗಳ ಬೇಲಿ ಕಟ್ಟಿಕೊಂಡು ಊರಿನ ಸುತ್ತ ಕೂತು ನಾಲ್ಕು ತಿಂಗಳು. ನಾವು ಮೂಡಣ ದೊರೆಯ ಕಡೆಯವರು. ಎರಡೂ ಸಿಂಹಾಸನಗಳನ್ನು ನಾನು ಕಂಡಿಲ್ಲ. ಉಪ್ಪಿನ ದಾರಿ ನಮ್ಮೂರಲ್ಲಿ ಕವಲೊಡೆಯುತ್ತದೆ, ಅದಕ್ಕೆ ಇಬ್ಬರಿಗೂ ನಾವು ಬೇಕು.

ಅತ್ತೆಗೆ ದೊರೆಗಳ ಚಿಂತೆ ಇಲ್ಲ. ಆ ದಂಡಿನಲ್ಲಿ ಡೆಂಬೆಲೆಗಳಿದ್ದಾರೆ, ಅಷ್ಟು ಸಾಕು.

ರಜಬ್ ೨೦

ಉಪ್ಪು, ಜಗಿಯುವ ಕೋಲಾ ಕಾಯಿ ಮಾರುತ್ತ ತಿರುಗುತ್ತಿದ್ದಾಗ ಅಂಟಿದ ಚಟ ಈ ಬರವಣಿಗೆ. ಈಗ ಮಾರಲು ಏನೂ ಇಲ್ಲ. ಚಟ ಬಿಟ್ಟಿಲ್ಲ.

ಸಜ್ಜೆ ಮುಗಿಯಿತು. ಮೇಕೆ ಮುಗಿದು ತಿಂಗಳಾಯಿತು. ಬಾವೊಬಾಬ್ ಮರಗಳ ತುದಿಯ ತನಕ ಹತ್ತಿ ಹುಡುಗರು ಸಾರಿಗೆಂದು ಎಲೆ ಕಿತ್ತಿದ್ದಾರೆ. ಬಾವಿಗಳಲ್ಲಿ ನೀರಿದೆ, ಅದೊಂದು ಪುಣ್ಯ. ಮಳೆ ಬಿದ್ದರೆ ಹೊರಗಿನವರಿಗೆ ಪಡುವಣದಿಂದ ಧಾನ್ಯ ಬರುವ ದಾರಿ ಕೆಸರಾಗುತ್ತದೆ, ಅವರು ಎದ್ದು ಹೋಗಲೇಬೇಕು. ಅಲ್ಲಿಯ ತನಕ ನಮ್ಮ ಕಣಜಗಳು ಖಾಲಿ ಅನ್ನುವುದು ಅವರಿಗೆ ತಿಳಿಯಬಾರದು. ಕೋಟೆಯ ದಂಡನಾಯಕ ಜಿಗಿಬಾ ದಿನಾ ಇದನ್ನೇ ಹೇಳುತ್ತಾನೆ. ಖಾಲಿ ಒರಳಿನಲ್ಲಿ ಹೆಂಗಸರು ಬೆಳಗಾಗುತ್ತಲೇ ಒನಕೆ ಹಾಕಬೇಕು. ಸದ್ದು ಹೊರಗೆ ಕೇಳಬೇಕು. ನನ್ನ ಹೆಂಡತಿ ಸಿರಾ ಕೈ ನೋಯುವ ತನಕ ಗಾಳಿ ಕುಟ್ಟುತ್ತಾಳೆ.

ಅತ್ತೆಗೆ ಹೊರಗೊಬ್ಬ ಜೋಡಿ ಸಿಕ್ಕಿದ್ದಾನೆ. ತ್ಯೆಮೊಕೊ ಡೆಂಬೆಲೆ ಅಂತೆ. ಒಡಕು ದನಿ, ನನ್ನ ಓರಗೆಯವನಿರಬಹುದು. ಕೋವಿಯ ಗುಂಡು ತಾಗದಷ್ಟು ದೂರದಲ್ಲಿ ನಿಂತು ಕೂಗುತ್ತಾನೆ.

"ಅಜ್ಜೀ, ನಿಮ್ಮೂರ ಕಡೆಯಿಂದ ಗಾಳಿ ಬೀಸಿದ್ರೆ ನಮ್ಮ ದಂಡೆಲ್ಲ ಮೂಗು ಮುಚ್ಕೊಳ್ತದೆ. ಅಲಸಂದೆ ಕಡಿಮೆ ತಿನ್ನು."

"ನಿಮ್ಮಜ್ಜ ಕದ್ದು ತಿಂದದ್ದರ ವಾಸನೆ ಕಣೋ ಅದು. ನಿಮ್ಮ ಮೈಯಿಂದ ಇನ್ನೂ ಹೋಗಿಲ್ಲ."

ಕಾವಲಿನವರು ನಕ್ಕರು. ಹೊರಗೂ ನಗು. ಅತ್ತೆ ಗೋಡೆ ಹಿಡಿದು ನಿಂತು ನಿಂತು ಕೆಳಗಿಳಿದಳು. ಆದರೂ ಮುಖ ತುಂಬ ಹಬ್ಬ.

ರಜಬ್ ೨೯. ಸಂಜೆ

ಅತ್ತೆ ಇವತ್ತು ಹತ್ತಲಿಲ್ಲ. ನಿನ್ನೆಯೂ. ಎದ್ದು ಕೂರಲೂ ಆಗುತ್ತಿಲ್ಲ. ಕಾಯಿಲೆ ಏನಿಲ್ಲ. ತನ್ನ ಪಾಲಿನ ಎಲೆಯ ಸಾರನ್ನು ಯಾರ್ಯಾರ ಮಕ್ಕಳಿಗೋ ಕುಡಿಸುತ್ತಿದ್ದಳು ಅನ್ನುವುದು ಈಗ ಗೊತ್ತಾಗಿದೆ.

ಬೈದೆ. ಬೈಯಬಾರದಿತ್ತು. ನನ್ನನ್ನು ಹೆತ್ತವಳು ಹೋದ ಮೇಲೆ ಸಾಕಿದವಳು ಇವಳು.

ಹೊರಗೆ ತ್ಯೆಮೊಕೊ ಕೂಗಿದ. ಒಂದು ಬೈಗುಳ. ಉತ್ತರ ಬರಲಿಲ್ಲ. ಇನ್ನೊಂದು. ಸ್ವಲ್ಪ ಹೊತ್ತಿನ ಮೇಲೆ ಬೇರೆ ದನಿಯಲ್ಲಿ, ಅಜ್ಜಿ ಹುಷಾರಾಗಿದ್ದಾಳಾ ಅಂತ ಕೇಳಿದ.

ಅತ್ತೆ ನನ್ನ ಕೈ ಹಿಡಿದು ಹೇಳಿದಳು, "ಫಕೊರೊ, ಡೆಂಬೆಲೆ ಬರದೆ ನನ್ನ ಎತ್ತಬೇಡ್ರೋ. ಅಳೋರ ಮಧ್ಯೆ ಹೋಗೋಕೆ ನನಗೆ ಇಷ್ಟ ಇಲ್ಲ."

ಒಳಗೆ ಒಬ್ಬನೂ ಡೆಂಬೆಲೆ ಇಲ್ಲ. ಅವರ ಊರುಗಳೆಲ್ಲ ಆಚೆ ದೊರೆಯ ಸೀಮೆ. ಅದು ಅವಳಿಗೂ ಗೊತ್ತು. ಆಗಲಿ ಅಂದೆ.

ಶಾಬಾನ್ ೩. ಬೆಳಗಿನ ನಮಾಜಿನ ನಂತರ

ಹೋದಳು. ನಿದ್ದೆಯಲ್ಲೇ.

ಸಂಜೆಯೊಳಗೆ ಮಣ್ಣು ಮಾಡಬೇಕು. ತ್ಯೆಮೊಕೊನನ್ನು ಒಳಗೆ ಬಿಡಬೇಕು ಅಂತ ಜಿಗಿಬಾನ ಬಳಿ ಹೋಗಿ ನಿಂತೆ. ಕೇಳಿದೆ. ಅವನು ಸಿಟ್ಟಿನವನಲ್ಲ. ಈ ನಾಲ್ಕು ತಿಂಗಳಲ್ಲಿ ಅವನ ಗಡ್ಡ ಬೆಳ್ಳಗಾದದ್ದನ್ನು ನೋಡಿದ್ದೇನೆ.

"ಒಳಗೆ ಬರೋದು ಸುಲಭ, ಫಕೊರೊ. ಅವನು ಕಂಡದ್ದು ಅವನ ಜೊತೆಗೇ ಹೊರಗೆ ಹೋಗ್ತದಲ್ಲ, ಅದೇ ಕಷ್ಟ."

ಕಣ್ಣಿಗೆ ಬಟ್ಟೆ ಕಟ್ಟಿ ತರುತ್ತೇನೆ ಅಂದೆ. ಅವನಿಂದ ಊರಿಗೆ ಕೇಡಾದರೆ ನನ್ನ ತಲೆ ಅಂದೆ. ನಿನ್ನ ತಲೆ ಇಟ್ಟುಕೊಂಡು ನಾನೇನು ಮಾಡಲಿ ಅಂದ. ಆದರೂ ತಲೆಯಾಡಿಸಿದ. ಅತ್ತೆ ಅವನ ಮಕ್ಕಳಿಗೂ ಸಾರು ಕುಡಿಸಿದ್ದಳು.

ಗೋಡೆ ಹತ್ತಿದೆ. ಜನ್ಮದಲ್ಲಿ ಹೀಗೆ ಕೂಗಿದವನಲ್ಲ.

"ಲೋ ಡೆಂಬೆಲೆ, ಅಲಸಂದೆ ಕಳ್ಳ. ನಮ್ಮತ್ತೆ ಹೋದಳು."

ಆಚೆ ಕಡೆ ಬೇಲಿಯ ಮೇಲೆ ತಲೆಗಳು ಎದ್ದವು. ಆಮೇಲೆ ಅದೇ ಒಡಕು ದನಿ: "ನನಗೆ ಹೇಳದೇನೇ? ನನ್ನ ಬೈಗುಳ ಬಾಕಿ ಇಟ್ಕೊಂಡು?"

"ಬಂದು ತೀರಿಸ್ಕೊ. ಒಳಗೆ ಬಂದು ಹೊರಬೀಳೋ ತನಕ ನಿನ್ನ ಮೈ ಯಾರೂ ಮುಟ್ಟಲ್ಲ. ದ್ಯಾರಾ ಫಕೊರೊ ಮಾತು."

ತನ್ನ ನಾಯಕನನ್ನು ಕೇಳಿ ಬರುತ್ತೇನೆ ಅಂದ.

ಅದೇ ದಿನ. ಸಂಜೆ

ಕಿರುಬಾಗಿಲಲ್ಲಿ ಬಂದ. ಕೋವಿ ಇಲ್ಲ, ಚೂರಿ ಇಲ್ಲ. ಬಡಕಲು ಮನುಷ್ಯ. ಕೆನ್ನೆ ಒಳಗೆ ಹೋಗಿದೆ — ಹೊರಗೂ ಊಟ ಸೊಗಸಿಲ್ಲ ಅಂತ ಕಾಣುತ್ತದೆ. ನಾನು ಕಣ್ಣಿಗೆ ಬಟ್ಟೆ ಕಟ್ಟುವಾಗ ತಾನಾಗಿಯೇ ಹೇಳಿದ, "ನಮ್ಮ ನಾಯಕರು ಕಣ್ಣು ಬಿಟ್ಕೊಂಡು ಹೋಗಿ ಬಾ ಅಂದಿದ್ದಾರೆ. ನಿಮಗೆ ಗೊತ್ತಿರಲಿ ಅಂತ ಹೇಳ್ದೆ." ನಂತರ ದನಿ ಎತ್ತಿ, ದ್ಯಾರಾಗಳ ಮನೆಗೆ ಬಟ್ಟೆ ಕಟ್ಟಬೇಕಾದದ್ದು ಕಣ್ಣಿಗಲ್ಲ, ಮೂಗಿಗೆ ಅಂದ. ಕಾವಲಿನವನೊಬ್ಬ ಫಕ್ಕನೆ ನಕ್ಕುಬಿಟ್ಟ.

ಗುಂಡಿಯ ಹತ್ತಿರ ಬಟ್ಟೆ ಬಿಚ್ಚಲೇಬೇಕಾಯಿತು. ಕಾಣದೆ ಗುಂಡಿಗೆ ಇಳಿಯುವುದು ಹೇಗೆ.

ಇಳಿದ. ಉದ್ದಕ್ಕೆ ಮಲಗಿದ. ಕೈ ತಲೆದಿಂಬು ಮಾಡಿಕೊಂಡ. ಅಗಲ ಸಾಲದು, ಅಲಸಂದೆ ತಿಂದು ಊದಿದ ಮುದುಕಿ ಇದರಲ್ಲಿ ಹಿಡಿಸುವುದಿಲ್ಲ, ಇದು ನನಗೇ ಸರಿ, ನಾನಿಲ್ಲೇ ಇರುತ್ತೇನೆ, ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಶುರು ಮಾಡಿದ. ಅತ್ತೆಯ ದನಿಯನ್ನು ಅಣಕಿಸಿದ — ತೂಕಡಿಸಿದ ಹಾಗೆ ಎಳೆಯುವ ಆ ಕೊನೆಯ ಅಕ್ಷರ ಕೂಡ. ಗೋಡೆಯಾಚೆಯಿಂದ ಕೇಳಿಯೇ ಕಲಿತಿದ್ದಾನೆ. ಮೊದಲು ಸಿರಾ ನಕ್ಕಳು. ಅವಳ ಹಿಂದೆ ಎಲ್ಲರೂ. ನಗಲು ಶಕ್ತಿ ಇಲ್ಲದವರು ಗೋಡೆಗೆ ಒರಗಿಕೊಂಡು ನಕ್ಕರು.

ಆಮೇಲೆ ಹೆಣವನ್ನು ಕೆಳಗೆ ಕೊಟ್ಟೆವು. ಅವನೇ ತೋಳು ಚಾಚಿ ತೆಗೆದುಕೊಂಡ.

ಬಿಳಿ ಬಟ್ಟೆಯೊಳಗೆ ಅತ್ತೆ ಒಂದು ಮಗುವಿನ ತೂಕ. ಅವನು ತಲೆಯೆತ್ತಿ ಸುತ್ತ ನೋಡಿದ. ಬಾಗಿಲು ಬಾಯ್ತೆರೆದ ಕಣಜಗಳು. ಮಕ್ಕಳ ಕಾಲು. ನಮ್ಮ ಮುಖಗಳು. ಎಲ್ಲ ನೋಡಿದ. ಅವನು ನೋಡಿದ್ದನ್ನು ಜಿಗಿಬಾ ನೋಡಿದ.

ತ್ಯೆಮೊಕೊ ಅವಳನ್ನು ಮೆಲ್ಲಗೆ ಮಲಗಿಸಿದ. ಮುಖ ಕಿಬ್ಲಾ ಕಡೆ, ಮೆಕ್ಕಾದ ದಿಕ್ಕಿಗೆ, ತಿರುಗಿಸಿದ. ಸೊಂಟ ಹಿಡಿದುಕೊಂಡು ನೆಟ್ಟಗಾದ.

"ಎಂಥ ಭಾರ, ದ್ಯಾರಾಗಳೇ. ನನ್ನ ಬೆನ್ನು ಮುರೀತು."

ಈ ಸಲ ಯಾರೂ ಗಟ್ಟಿಯಾಗಿ ನಗಲಿಲ್ಲ.

ಅದೇ ದಿನ. ರಾತ್ರಿ

ಉಳಿದದ್ದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗುಂಡಿಯಿಂದ ಮೇಲೆ ಬರಲು ಅವನಿಗೆ ಏನಾದರೂ ಕೊಡಬೇಕು. ನಾನು ನನ್ನ ಹಳೆಯ ಮೇಲಂಗಿ ಮಡಿಸಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಸಿರಾ ಮನೆಯಿಂದ ಬಂದಳು — ತಲೆಯ ಮೇಲೆ ದೊಡ್ಡ ಮರದ ಬೋಗುಣಿ. ಹಬೆಯಾಡುವ ಅಲಸಂದೆ. ಶಿಯಾ ಮರದ ಬೀಜದ ಬೆಣ್ಣೆಯ ವಾಸನೆ. ಜನ ಉಸಿರೆಳೆದದ್ದು ಕೇಳಿಸಿತು.

ಮಳೆಗೆ ಬಿತ್ತಲು ಸೂರಿಗೆ ಕಟ್ಟಿದ್ದ ಬೀಜ ಅದು. ಕೊನೆಯದು. ನಾವು ಅಷ್ಟು ಹಸಿದರೂ ಅದನ್ನು ಮುಟ್ಟಿರಲಿಲ್ಲ. ಅವಳನ್ನು ಪಕ್ಕಕ್ಕೆ ಎಳೆದು ಇದೇನು ಮಾಡಿದೆ ಅಂದೆ.

"ಮತ್ತೇನ್ರೀ, ಡೆಂಬೆಲೆಗೆ ಗುಂಡಿಯಲ್ಲಿ ಚಿಂದಿ ಬಟ್ಟೆ ಕೊಡೋದಾ? ಅತ್ತೆ ಎದ್ದು ಬಂದು ನನ್ನ ಜುಟ್ಟು ಹಿಡೀತಾಳೆ."

ಅಲಸಂದೆಯ ಜಗಳಕ್ಕೆ ಅಲಸಂದೆಯೇ ಕೊಡಬೇಕು, ನಿಜ. ಆದರೆ ಹಸಿದ ಊರಿನಲ್ಲಿ ಯಾರು ಮಾಡುತ್ತಾರೆ. ನಾವು ಮಾಡಿದೆವು.

ತ್ಯೆಮೊಕೊ ಮೇಲೆ ಬಂದ. ಬೋಗುಣಿ ತೆಗೆದುಕೊಂಡ. ಮಣ್ಣು ಮುಚ್ಚಿದೆವು, ದುವಾ ಪ್ರಾರ್ಥನೆ ಆಯಿತು. ಜಿಗಿಬಾ ನನ್ನ ಕಿವಿಯಲ್ಲಿ ಹೇಳಿದ — ಇವನು ಮಳೆ ಬರುವ ತನಕ ಇಲ್ಲೇ ಇರುತ್ತಾನೆ. ಯಾರೂ ಹೊಡೆಯುವುದಿಲ್ಲ, ನಾವು ತಿಂದದ್ದನ್ನೇ ತಿನ್ನುತ್ತಾನೆ. ಆದರೆ ಹೊರಗೆ ಹೋಗುವುದಿಲ್ಲ.

ನಾನು ಮಾತು ಕೊಟ್ಟಿದ್ದೇನೆ ಅಂದೆ.

"ನೀನು ಒಬ್ಬನಿಗೆ ಕೊಟ್ಟೆ. ನಾನು ಊರಿಗೇ ಕೊಟ್ಟಿದ್ದೇನೆ."

ತ್ಯೆಮೊಕೊ ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡ. ಬೋಗುಣಿ ತಲೆಯ ಮೇಲಿಟ್ಟುಕೊಂಡು ಕಿರುಬಾಗಿಲ ಕಡೆ ನಡೆದ. ಜಿಗಿಬಾ ಅಡ್ಡ ನಿಂತು, ತಿನ್ನುವುದಿದ್ದರೆ ಇಲ್ಲೇ ಕೂತು ತಿನ್ನು ಅಂದ. ಆಗಲ್ಲ ನಾಯಕರೇ, ಇದು ಒಬ್ಬ ತಿನ್ನುವುದಲ್ಲ, ಹೊರಗೆ ನಮ್ಮ ಕುಲದವರು ಕಾಯುತ್ತಿದ್ದಾರೆ ಅಂದ. ಹಾಗಾದರೆ ಕಂಡದ್ದನ್ನು ಹೇಳುವುದಿಲ್ಲ ಅಂತ ಆಣೆ ಇಡು ಅಂದ ಜಿಗಿಬಾ.

ಅವನು ಯೋಚಿಸಿದ. ಸುಳ್ಳು ಆಣೆ ಇಟ್ಟು ಹೋಗಬಹುದಿತ್ತು. ನಾನು ಮನಸ್ಸಿನಲ್ಲೇ ಇಡು, ಇಟ್ಟುಬಿಡು ಅನ್ನುತ್ತಿದ್ದೆ.

"ನನ್ನ ನಾಯಕರಿಗೆ ಸುಳ್ಳು ಹೇಳೋದಿಲ್ಲ. ಅವರ ಉಪ್ಪು ತಿಂದಿದ್ದೇನೆ. ಅಲ್ಲೂ ಜನ ಹಸಿದು ಸಾಯ್ತಿದ್ದಾರೆ, ನನ್ನ ತಮ್ಮನ ಮಗ ಹೋದ ವಾರ ಸತ್ತ. ಆದರೆ ಏಳನೇ ದಿನದ ತನಕ ನನ್ನ ಬಾಯಿ ಈ ಅಜ್ಜಿಯದು. ಗೇಲಿ ಬಿಟ್ಟು ಬೇರೆ ಮಾತು ಅದರಲ್ಲಿ ಬರೋದಿಲ್ಲ. ಏಳನೇ ದಿನ ಕಳೆದ ಮೇಲೆ ಅವರು ಕೇಳಿದರೆ, ಕಂಡದ್ದು ಹೇಳ್ತೇನೆ."

ಜಿಗಿಬಾ ಕಾವಲಿನವರಿಗೆ ಹಿಡಿಯಿರಿ ಅಂದ.

ಯಾರೂ ಅಲುಗಾಡಲಿಲ್ಲ. ಧೈರ್ಯದಿಂದಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಕೊನೆಗೆ ಹಿರಿಯ ಕಾವಲಿನವ ಸೂಮಾ — ಕೂಲಿಬಾಲಿ ಕುಲದವ, ದ್ಯಾರಾ ಅಲ್ಲ, ಡೆಂಬೆಲೆಯೂ ಅಲ್ಲ, ಆದರೆ ಅವರಿಗೂ ಇಂಥದೊಂದು ಜೋಡಿ ಕುಲ ಇದೆ — ನಿಧಾನಕ್ಕೆ ಹೇಳಿದ, "ನಾಯಕರೇ, ನಮ್ಮೆಲ್ಲರ ಗೇಲಿ ನಂಟರೂ ಹೊರಗೇ ಇದ್ದಾರೆ. ಇವತ್ತು ಇವನನ್ನ ಹಿಡಿದರೆ ನಾಳೆ ನನ್ನ ಗುಂಡಿಗೆ ಯಾರು ಇಳೀತಾರೆ? ನಿಮ್ಮದಕ್ಕೆ?"

ಜಿಗಿಬಾ ಅಲ್ಲೇ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. ಆಕಾಶ ನೋಡಿದ. ಮೋಡ ಇಲ್ಲ.

"ಏಳು ದಿನ," ಅಂದ. "ಹೋಗು. ಬೋಗುಣಿ ಬೀಳಿಸಬೇಡ."

ಹೋದ. ತಲೆಯ ಮೇಲೆ ನಮ್ಮ ಬೀಜ, ಹಬೆಯಾಡುತ್ತ.

ಶಾಬಾನ್ ೫

ಹೊರಗಿನಿಂದ ಸದ್ದಿಲ್ಲ. ಬೈಗುಳವೂ ಇಲ್ಲ. ಅವನ ದನಿಯೇ ಇಲ್ಲ.

ಊರಿನವರು ನನ್ನನ್ನು ನೋಡಿದರೆ ದಾರಿ ಬಿಡುತ್ತಾರೆ. ಮರ್ಯಾದೆಯಿಂದಲೋ ಹೇಸಿಗೆಯಿಂದಲೋ. ಬಾವಿಯ ಹತ್ತಿರ ಒಬ್ಬಳು ಸಿರಾಗೆ ಕೇಳಿಸುವ ಹಾಗೆ, ಸತ್ತವರಿಗೆ ಅಲಸಂದೆ, ಬದುಕಿದವರಿಗೆ ಗಾಳಿ ಅಂದಳಂತೆ. ಸಿರಾ ಮನೆಗೆ ಬಂದು ಅತ್ತಳು. ಬೀಜಕ್ಕಾಗಿ. ಸೂರಿನಲ್ಲಿ ಕಟ್ಟಿದ್ದ ಹಗ್ಗ ಇನ್ನೂ ತೂಗುತ್ತಿತ್ತು. ಬಿಚ್ಚಿ ಹಾಕಿದೆ.

ಶಾಬಾನ್ ೭

ಜಿಗಿಬಾ ಗೋಡೆಯ ಮೇಲೆ ಹೆಂಗಸರಿಗೂ ಕಲ್ಲು ಹೊರಿಸುತ್ತಿದ್ದಾನೆ. ಏಳನೆಯ ದಿನ ಕಳೆದ ಬೆಳಿಗ್ಗೆ ಅವರು ನುಗ್ಗುತ್ತಾರೆ ಅಂತ ಅವನ ಲೆಕ್ಕ. ನನ್ನ ಲೆಕ್ಕವೂ ಅದೇ.

ಮಳೆ ಇಲ್ಲ. ಮೂಡಣದಲ್ಲಿ ಒಮ್ಮೆ ಗುಡುಗಿದ ಹಾಗಾಯಿತು. ಎಲ್ಲರೂ ಕೈ ನಿಲ್ಲಿಸಿ ಕೇಳಿದೆವು. ಏನೂ ಅಲ್ಲ.

ಸೂಮಾ ಗೋಡೆಯ ಮೇಲಿಂದ ಕಂಡದ್ದು: ಅವರ ಬಿಡಾರದ ನಡುವೆ ಒಂದು ಕಂಬಕ್ಕೆ ಯಾರನ್ನೋ ಕಟ್ಟಿದ್ದಾರೆ. ದೂರ. ಮುಖ ಗೊತ್ತಾಗುವುದಿಲ್ಲ. ಬಡಕಲು ಆಳು ಅಂದ.

ನನ್ನ ಮಾತು ಅವನನ್ನು ಹೊರಗೆ ಬಿಡುವ ತನಕ ಮಾತ್ರ ಇತ್ತು. ಹಾಗಂತ ಎಷ್ಟು ಸಲ ಹೇಳಿಕೊಂಡರೂ ಎದೆ ಒಪ್ಪುತ್ತಿಲ್ಲ. ನನ್ನ ಅತ್ತೆಯನ್ನು ನಗಿಸಿ ಕಳಿಸಲು ಬಂದವನು.

ಇವತ್ತು ಗೋಡೆ ಹತ್ತಿ ಕೂಗಿ ನೋಡಿದೆ. ಅಲಸಂದೆ ಕಳ್ಳ ಅಂತ. ಕಂಬದ ಕಡೆಯಿಂದ ತಲೆ ಎತ್ತಿದ ಹಾಗಾಯಿತು. ನನ್ನ ಭ್ರಮೆಯೂ ಇರಬಹುದು.

ಶಾಬಾನ್ ೯. ಏಳನೆಯ ದಿನ. ಬೆಳಿಗ್ಗೆ

ಮಳೆ ಬಂದಿಲ್ಲ. ಆದರೂ —

ನಿಧಾನವಾಗಿ ಬರೆಯಬೇಕು.

ಬೆಳಕು ಹರಿಯುವಾಗ ಎಲ್ಲರೂ ಗೋಡೆಯ ಮೇಲಿದ್ದೆವು. ಎದುರಿನ ಮರದ ಬೇಲಿಯ ಹಿಂದೆ ಹೊಗೆ ಕಡಿಮೆ. ಒಂದು ಕಡೆ ಬೇಲಿಯೇ ಉರುಳಿತ್ತು. ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸು ಕುಂಟುತ್ತ ಕಿರುಬಾಗಿಲಿಗೆ ಬಂದಳು. ಹೆಸರು ಕನಿ, ಅವರ ದಂಡಿನಲ್ಲಿ ಬೇಯಿಸಿ ಹಾಕುತ್ತಿದ್ದವಳು. ಕಾಲಿಗೆ ಹುಣ್ಣು, ಜೊತೆಯವರ ಸಮಕ್ಕೆ ನಡೆಯಲಾರೆ, ನೀರು ಕೊಡಿ ಅಂದಳು. ಸಿರಾ ಕೊಟ್ಟಳು. ಕುಡಿದು ಹೇಳಿದಳು. ಜಿಗಿಬಾ ಒಂದೊಂದು ಮಾತನ್ನೂ ಎರಡು ಸಲ ಹೇಳಿಸಿದ.

ಆ ದಿನ ತ್ಯೆಮೊಕೊ ಬೋಗುಣಿ ಹೊತ್ತು ಬಿಡಾರಕ್ಕೆ ಬಂದಾಗ ಇಡೀ ದಂಡು ಎದ್ದು ನಿಂತಿತಂತೆ. ಅವರು ಬೇರು ಅಗೆದು ತಿನ್ನುತ್ತಿದ್ದರು. ಮುತ್ತಿಗೆಗೆ ಸಿಕ್ಕಿದ ಊರಿನಿಂದ ಬಿಸಿ ಅಲಸಂದೆ ಹೊರಗೆ ಬರುತ್ತಿದೆ, ಮೇಲೆ ಬೆಣ್ಣೆ ಹಾಕಿ. ಡೆಂಬೆಲೆಗಳು ಸುತ್ತ ಕೂತು ಒಂದೊಂದು ಹಿಡಿ ತಿಂದರು. ಬೇರೆಯವರು ನೋಡಿದರು. ಒಳಗೆ ಇನ್ನೂ ಬೇಕಾದಷ್ಟಿದೆ ಅಂತ ಯಾರೂ ಹೇಳಬೇಕಾಗಿ ಬರಲಿಲ್ಲ.

ಅವರ ನಾಯಕ ಕರೆಸಿ ಕೇಳಿದ. ಒಳಗೆ ಹಸಿವಿದೆಯೋ ಇಲ್ಲವೋ. ತ್ಯೆಮೊಕೊ ಹೇಳಿದನಂತೆ — ಆ ಮುದುಕಿ ಎಷ್ಟು ಭಾರ ಅಂದರೆ ನನ್ನ ಬೆನ್ನು ಇನ್ನೂ ನೋಯುತ್ತಿದೆ. ನಾಯಕ ಗೇಲಿ ಬಿಡು ಅಂದ. ಏಳನೆಯ ದಿನ ಕಳೆಯಲಿ, ನೆಟ್ಟಗೆ ಹೇಳುತ್ತೇನೆ, ಅಲ್ಲಿಯ ತನಕ ಬಾಯಿ ನನ್ನದಲ್ಲ ಅಂದನಂತೆ ಇವನು. ನೀನು ಅವರ ಅಲಸಂದೆಗೆ ಮಾರಿಕೊಂಡಿದ್ದೀಯ ಅಂತ ನಾಯಕ ಕಂಬಕ್ಕೆ ಕಟ್ಟಿಸಿದ. ಏಳನೆಯ ದಿನ ಕಳೆದ ಬೆಳಿಗ್ಗೆ ಹೇಳದಿದ್ದರೆ ಕತ್ತು ಕತ್ತರಿಸುತ್ತೇನೆ ಅಂದ.

ಹೇಳುತ್ತಿದ್ದ. ನನಗೆ ಗೊತ್ತು. ನಾಳೆ ಬೆಳಿಗ್ಗೆ ಹೇಳುತ್ತಿದ್ದ.

ನಿನ್ನೆ ಸಂಜೆ, ಕಂಬದ ಹತ್ತಿರ ಒಲೆ ಹಾಕಿ ಕೂತ ಆಳುಗಳು ಹೊತ್ತು ಹೋಗಲೆಂದು ಅವನನ್ನು ಮಾತಿಗೆಳೆದರು. ನಮ್ಮ ಗುಂಡಿಯ ಕಥೆಯನ್ನು ಅವನು ಅಲ್ಲಿ ಹೇಳಿದ, ಕಟ್ಟಿಸಿಕೊಂಡೇ. ಮೂಗಿಗೆ ಬಟ್ಟೆಯ ಮಾತು, ಅಗಲ ಸಾಲದ ಗುಂಡಿ, ಅತ್ತೆಯ ದನಿ. ಗೋಡೆಗೆ ಒರಗಿ ನಕ್ಕವರು. ಅವರೂ ನಕ್ಕರಂತೆ. ಕನಿಯೂ ನಕ್ಕಳಂತೆ. ಆಮೇಲೆ ಒಬ್ಬ ಸುಮ್ಮನೆ ಕೇಳಿದನಂತೆ, ನಾವು ಇಲ್ಲಿ ಸತ್ತರೆ ನಮ್ಮ ಗುಂಡಿಗೆ ಯಾರು ಬರುತ್ತಾರೆ. ನಮ್ಮ ಗೇಲಿ ನಂಟರು ಆ ಗೋಡೆಯೊಳಗಿದ್ದಾರೆ, ನಾವು ಅವರನ್ನೇ ಕೊಲ್ಲಲು ಕೂತಿದ್ದೇವೆ. ಒಲೆ ಆರಿಸಿ ಮಲಗಿದರು.

ಇವತ್ತು ಬೆಳಗಾಗುವ ಮೊದಲು ಆ ಒಲೆಯ ಸುತ್ತ ಕೂತಿದ್ದವರೇ ಎದ್ದರು. ತ್ಯೆಮೊಕೊನ ಕಟ್ಟು ಬಿಚ್ಚಿದರು. ಅವನ ಕೈ ಊದಿತ್ತು, ನೀರು ಹಾಕಿ ತಿಕ್ಕಿದರು. ಚಾಪೆ ಸುತ್ತಿಕೊಂಡರು. ತಮ್ಮ ಪಾಲಿನ ಬೇಲಿಯ ಕಂಬಗಳನ್ನು ದಾರಿಯ ಸೌದೆಗೆಂದು ಕಿತ್ತುಕೊಂಡರು. ನಾಯಕ ಕೂಗಿದ, ಒಂದು ಗುಂಡು ಹಾರಿಸಿದ — ಆಕಾಶಕ್ಕೆ. ಯಾರೂ ತಿರುಗಲಿಲ್ಲ. ಬಿತ್ತನೆಯ ಹೊತ್ತಾಯಿತು ಅಂತ ಪಡುವಣಕ್ಕೆ ನಡೆದರು, ಅವನನ್ನು ನಡುವೆ ಹಾಕಿಕೊಂಡು. ಅವರ ಹಿಂದೆ ಇನ್ನೊಂದು ಗುಂಪು. ಇನ್ನೊಂದು. ನಾಯಕನೂ ಈಗ ಸಾಮಾನು ಕಟ್ಟಿಸುತ್ತಿದ್ದಾನಂತೆ.

ಜಿಗಿಬಾ ಕಲ್ಲಿನ ಮೇಲೆ ಕೂತಿದ್ದಾನೆ. ಮುಖ ಮುಚ್ಚಿಕೊಂಡಿದ್ದಾನೆ. ಸೂಮಾ ಬಾಗಿಲ ಅಗುಳಿ ತೆಗೆಯಲೋ ಬೇಡವೋ ಅಂತ ಕೇಳುತ್ತಿದ್ದಾನೆ. ಸಿರಾ ಆಗಲೇ ಬುಟ್ಟಿ ಹಿಡಿದು ನಿಂತಿದ್ದಾಳೆ, ಹೊರಗೆ ಸೊಪ್ಪು ಸಿಗಬಹುದು ಅಂತ. ಬರೀತಾ ಕೂತ್ಕೋಬೇಡಿ ಬನ್ನಿ ಅನ್ನುತ್ತಿದ್ದಾಳೆ. ಬಾಗಿಲು ತೆಗೆದ ಸದ್ದು. ನಾನೂ —